ಚೀಲ ಕಾಯುವ ಸೇವೆ

ಮುಲುಂಡ್, ಮುಂಬಯಿ
೬ ಅಕ್ಟೋಬರ್ ೨೦೨೪

ಪ್ರಿಯ ಆಮೋಸ,

ಇತ್ತ ಕಡೆ ನಾವು ಕ್ಷೇಮ ಎಂದು ಶುರು ಮಾಡುವುದು ನಮ್ಮ ಕಾಲದ ಪದ್ಧತಿ. ಇತ್ತ ಕಡೆ ನಾವು ಮುಲುಂಡ್. ಕ್ಷೇಮದ ಮಾತು ಆಮೇಲೆ. ಫೋನಿನಲ್ಲಿ ನಿನಗೆ ಏನೂ ಕೇಳಿಸುವುದಿಲ್ಲ, ಕೇಳಿಸುವವರಿಗೆ ನನ್ನ ಗೋಳು ಸಾಕಾಗಿದೆ. ಹೆಂಡತಿಯ ತಮ್ಮನಿಗೆ ಕಾಗದ ಬರೆಯುವುದೊಂದೇ ಉಳಿದ ದಾರಿ.

ಪರದೇಶದ ಮಿಷನರಿಗಳು ಏನು ಮಾಡುತ್ತಿದ್ದಾರೆ ಎಂದು ಕೇಳಿದ್ದೀಯ. ಮೊದಲು ಆ ಪದವಿಯ ಸೊಗಸು ನೋಡು. ನಾನು ಬೆಟಗೇರಿಯವನು, ನಿನ್ನ ಅಕ್ಕ ಧಾರವಾಡದವಳು. ಇಂಗ್ಲೆಂಡಿನ ಲೆಸ್ಟರಿನ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸಿ, ಅವಳು ಅದೇ ಶಾಲೆಯ ಲೈಬ್ರರಿ ಕಾದು, ಇಬ್ಬರೂ ರಿಟೈರಾಗಿ ಅಲ್ಲಿಯ ಕ್ರೈಸ್ತ ಸಭೆಯ 'ಹಿರಿಯ ದಂಪತಿ ಸೇವೆ'ಗೆ ಹೆಸರು ಕೊಟ್ಟೆವು. ಆಫ್ರಿಕಾಕ್ಕೆ ಕಳಿಸುತ್ತಾರೆಂದು ನಾನು ಸೊಳ್ಳೆಪರದೆ ಕೊಂಡಿದ್ದೆ. ಅವರು, ನಿಮಗೆ ಕನ್ನಡ ಬರುತ್ತದಲ್ಲ ಎಂದು ಮುಂಬಯಿಗೆ ಅಟ್ಟಿದರು. ಪರದೇಶದಿಂದ ಬಂದವರು ಇಲ್ಲಿ ಶುದ್ಧ ಪರದೇಶಿಗಳಾದೆವು. ಸೊಳ್ಳೆಪರದೆ ಮಾತ್ರ ವ್ಯರ್ಥವಾಗಲಿಲ್ಲ.

ಇನ್ನು ಕೆಲಸ. ನಮ್ಮ ಪರವಾನಗಿಯ ಪ್ರಕಾರ ಉಪದೇಶ ಮಾಡುವಂತಿಲ್ಲ, ಉಪಕಾರ ಮಾಡಬಹುದು. ಅದಕ್ಕೂ ಯಾರೂ ಬಿಡುತ್ತಿಲ್ಲ. ಪರೇಲಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಮಿಷನ್ನಿನ ಕೋಣೆಯಿದೆ. ಊರಿಂದ ಬಂದ ರೋಗಿಗಳ ಕಡೆಯವರು ಅಲ್ಲಿ ಕೂತು ಚಹ ಕುಡಿದು ಸುಧಾರಿಸಿಕೊಳ್ಳುತ್ತಾರೆ. ಉಡುಪಿ ಕಡೆಯ ಕೊರಗ ಎಂಬ ಹೆಸರಿನವನು ಅದನ್ನು ನೋಡಿಕೊಳ್ಳುತ್ತಾನೆ. ನಾನು ಕೆಟಲಿಗೆ ಕೈಹಾಕಿದರೆ ಸಾಕು, "ಎಂತ ಮಾರ್ರೆ, ಪ್ರಾಯದವರು ನೀವು, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದು ನನ್ನ ಕೈಗೇ ಕಪ್ಪು ಕೊಡುತ್ತಾನೆ. ಸೇವೆ ಮಾಡಲು ಬಂದವರು ದಿನವಿಡೀ ಚಹ ಸೇವಿಸಿ ಮರಳುತ್ತೇವೆ.

ಭಾನುವಾರ ಇಲ್ಲಿಯ ಕನ್ನಡ ಮನೆಗಳ ಮಕ್ಕಳಿಗೆ ಕನ್ನಡ ಹೇಳಿಕೊಡಿ ಎಂದರು. ಮೊದಲ ದಿನ ಕಾಲೇಜಿನ ಭಾಷಣಸ್ಪರ್ಧೆಯ ಕನ್ನಡವನ್ನೆಲ್ಲ ಜಾಡಿಸಿ ಹೊರತೆಗೆದೆ. ನಡುವೆ ರಂಜನಾ ಎಂಬ ಹುಡುಗಿ ಕೈ ಎತ್ತಿದಳು. ಸಂದೇಹ ಬಂದಿದೆ, ಅಂದರೆ ಕೇಳಿಸಿಕೊಂಡಿದ್ದಾಳೆ ಎಂದು ಹಿಗ್ಗಿದೆ. "ಅಂಕಲ್, ಏಸಿ ಥೋಡಾ ಕಮ್ ಕರೂಂ ಕ್ಯಾ?" ಎಂದಳು.

ಎಲ್ಲಕ್ಕೂ ಮಿಗಿಲಾದದ್ದು ಸಭೆಯ ನಿಯಮ. ಸೇವೆಯಲ್ಲಿರುವ ದಂಪತಿ ಹೊರಗೆ ಹೋದಾಗ ಸದಾ ಒಬ್ಬರಿಗೊಬ್ಬರು ಕಣ್ಣಳತೆಯಲ್ಲಿರಬೇಕು. ಇದನ್ನು ಬರೆದವರು ಮುಂಬಯಿಯ ಲೋಕಲ್ ಕಂಡವರಲ್ಲ. ಇಲ್ಲಿ ಹೆಂಗಸರ ಡಬ್ಬಿಯೇ ಬೇರೆ. ನಿಯಮಕ್ಕೆ ಕಟ್ಟುಬಿದ್ದು ಸುಗುಣಾ ನನ್ನ ಜೊತೆ ಗಂಡಸರ ನುಗ್ಗಲಿಗೆ ಬರುತ್ತಾಳೆ, ನಾನು ಅವಳ ಸುತ್ತ ಕೈ ಚಾಚಿ ಬೇಲಿಯಾಗುತ್ತೇನೆ. ಹಿರಿಯರ ಸೀಟಿನಲ್ಲಿ, ಹಿರಿಯರಾಗಲು ಇನ್ನೂ ಬಹುಕಾಲ ಬೇಕಾದವರು ಕಣ್ಣುಮುಚ್ಚಿ ಕೂತಿರುತ್ತಾರೆ. ಲೋಕೋದ್ಧಾರಕ್ಕೆ ಬಂದವನಿಗೆ ಲೋಕಲ್ಲಿನಲ್ಲಿ ಕಾಲೂರಲು ಜಾಗವಿಲ್ಲ.

ನಮ್ಮ ಮೇಲ್ವಿಚಾರಕ ಹಿತೇಶ್ ಮೊದಲು ಸಾಬೂನು ಮಾರಾಟ ನೋಡಿಕೊಳ್ಳುತ್ತಿದ್ದನಂತೆ, ಈಗ ಆತ್ಮಗಳನ್ನು ನೋಡಿಕೊಳ್ಳುತ್ತಾನೆ. ಎರಡಕ್ಕೂ ಒಂದೇ ಭಾಷೆ. ಶನಿವಾರ ಶನಿವಾರ ಫೋನು ಮಾಡಿ, ಈ ವಾರ ನಮ್ಮತ್ತ ಎಷ್ಟು ಜನ ವಾಲಿದರು ಎಂದು ಕೇಳುತ್ತಾನೆ. ಗಾಡಿ ತಿರುವಿನಲ್ಲಿ ಬಂದಾಗ ಬಹಳ ಜನ ವಾಲುತ್ತಾರೆ ಎಂದೆ. ಬರೆದುಕೊಂಡ.

ಅವಧಿ ಏಪ್ರಿಲ್ ಐದಕ್ಕೆ ಮುಗಿಯುತ್ತದೆ. ಇಬ್ಬರೂ ಒಪ್ಪಿದರೆ ಇನ್ನೊಂದು ವರ್ಷ ಉಳಿಯಬಹುದು. ಒಬ್ಬರು ಒಲ್ಲೆ ಎಂದರೂ ಇಬ್ಬರೂ ವಾಪಸ್. ಆ ಒಬ್ಬ ನಾನೇ. ಸುಗುಣಾಳಿಗೂ ಸಾಕಾಗಿರಬೇಕು. ಕೇಳಿಲ್ಲ.

ನಿನ್ನ ಮಾಮಾ,
ಎಫ್ರಾಯಿಮ


ಧಾರವಾಡ
೨೦ ಅಕ್ಟೋಬರ್ ೨೦೨೪

ಮಾಮಾ ಅವರಿಗೆ ಆಮೋಸನ ವಂದನೆ.

ನಿಮ್ಮ ಗೋಳು ಓದಿ ನಕ್ಕೆ. ಕಿವಿ ಹೋದ ಮೇಲೆ ನನ್ನ ನಗೆ ಎಷ್ಟು ದೊಡ್ಡದೆಂದು ನನಗೇ ತಿಳಿಯುವುದಿಲ್ಲ. ಪಕ್ಕದ ಮನೆಯವರು ಏನಾಯಿತೆಂದು ಓಡಿ ಬಂದರು. ಒಂದು ಆತ್ಮವೂ ಸಿಗದ ಊರಿನಿಂದ ಇಷ್ಟು ಆತ್ಮಕಥೆ ಬರೆಯುವವರು ನೀವೊಬ್ಬರೇ.

ಆದರೆ ಇಷ್ಟುದ್ದ ಕಾಗದದಲ್ಲಿ ಅಕ್ಕ ಆಡಿದ ಮಾತು ಒಂದೂ ಇಲ್ಲವಲ್ಲ? ಕೊರಗ ಮಾತಾಡುತ್ತಾನೆ, ಏಸಿ ಹುಡುಗಿ ಮಾತಾಡುತ್ತಾಳೆ. ಅಕ್ಕನಿಗೆ ಹೇಗಿದೆ ಎಂದು ಊಹಿಸಿ ಬರೆಯುವ ಬದಲು ಅಡುಗೆಮನೆಗೆ ಹೋಗಿ ಕೇಳಬಹುದಿತ್ತು. ಬಾಗಿಲು ನಿಮ್ಮ ಕಣ್ಣಳತೆಯಲ್ಲೇ ಇದ್ದೀತು.

ನಿಮ್ಮ,
ಆಮೋಸ


ಮುಲುಂಡ್
೨೪ ನವೆಂಬರ್ ೨೦೨೪

ಪ್ರಿಯ ಆಮೋಸ,

ಕೇಳುವ ಪ್ರಸಂಗವೇ ಬರಲಿಲ್ಲ. ನಿನ್ನ ಅಕ್ಕ ಕೈಬಿಟ್ಟು ಹೋದಳು. ಗಾಬರಿಯಾಗಬೇಡ, ಪಕ್ಕದ ಡಬ್ಬಿಗೆ.

ದೀಪಾವಳಿಯ ಮುಂಚಿನ ಒಂದು ಬೆಳಿಗ್ಗೆ ಅವಳು ಬಾಗಿಲಲ್ಲಿ ನುಗ್ಗಾಗುತ್ತಿದ್ದುದನ್ನು ಕಂಡ ಯಾರೋ ಹುಡುಗಿ, "ಆಂಟೀ, ಇಧರ್ ಆವೋ" ಎಂದು ತೋಳು ಹಿಡಿದು ಹೆಂಗಸರ ಡಬ್ಬಿಗೆ ಎಳೆದುಕೊಂಡಳು. ನಿಯಮ ಮುರಿಯಿತೆಂದು ನಾನು ಪರೇಲಿನವರೆಗೆ ಬೆವರಿದೆ. ಅವಳು ಇಳಿದಾಗ ಜಡೆಯಲ್ಲಿ ಅಬೋಲಿ ಹೂವಿತ್ತು. ಕೂತುಕೊಂಡು ಬಂದೆ ಎಂದಳು. ಅಂದಿನಿಂದ ಅವಳ ಸೀಟು ಅಲ್ಲೇ. ನಾನು ನನ್ನ ಬೋಗಿಯಲ್ಲಿ ಒಂಟಿ ಕಾಲಿನ ಯೋಗಿ.

ಕುರ್ಲಾದಲ್ಲಿ ಹಾಲವ್ವ ಎಂಬಾಕೆ ಹತ್ತುತ್ತಾಳೆ. ಮುದ್ದೇಬಿಹಾಳದ ಕಡೆಯವಳು, ಪರೇಲಿನ ಆಫೀಸುಗಳಲ್ಲಿ ಕಸ ಗುಡಿಸುತ್ತಾಳೆ. ಅವಳ ಚಾಳಿನಿಂದಲೇ ಇಂಡಿ ಕಡೆಯ ಬೀಬೀಜಾನ ತನ್ನ ಸೊಸೆ ದಿಲನಾಜಳನ್ನು ಆಸ್ಪತ್ರೆಗೆ ಕರೆತರುತ್ತಾಳೆ. ಡಾಕ್ಟರು ಇಂಗ್ಲಿಷಿನಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುತ್ತಾರೆ, ಅತ್ತೆಸೊಸೆಗೆ ಗೊತ್ತಿರುವುದು ಕನ್ನಡ ಮತ್ತು ಮನೆಯ ದಖನಿ ಉರ್ದು. ನೀವು ಓದಿದವರು, ಒಳಗೆ ಬಂದು ನಮಗೆ ಬಿಡಿಸಿ ಹೇಳಿ ಎಂದು ಹಾಲವ್ವ ಸುಗುಣಾಳನ್ನು ಒಪ್ಪಿಸಿದಳು. ಒಂದು ದಿನಕ್ಕೆಂದು ಹೋದವಳು ಈಗ ದಿನವೂ ಒಳಗೆ. ಸಿಂದಗಿ, ಯಾದಗಿರಿ, ಅಫಜಲಪುರದ ಹೆಂಗಸರೆಲ್ಲ "ಅಜ್ಜಿ ಬಂದಾರೇನು" ಎಂದು ಹುಡುಕಿಕೊಂಡು ಬರುತ್ತಾರೆ.

ಹೆಂಗಸರ ವಿಭಾಗದೊಳಕ್ಕೆ ನನಗೆ ಪ್ರವೇಶವಿಲ್ಲ. ಗಂಡಸರೆಲ್ಲ ಹೊರಗಿನ ಬೆಂಚಿನಲ್ಲಿ. ಒಳಗೆ ಹೋಗುವವರು ನನ್ನ ಮಡಿಲಿಗೆ ಚೀಲಗಳನ್ನು ಪೇರಿಸಿ ಹೋಗುತ್ತಾರೆ. ರೊಟ್ಟಿಯ ಗಂಟು, ನೀರಿನ ಬಾಟಲಿ, ಒಮ್ಮೆ ಒಂದು ಕೂಸು. ನನ್ನ ಹೆಸರು ಈಗ ಚೀಲದ ಅಜ್ಜ. ವಿಮಾನದಲ್ಲಿ ಹಾರಿ ಬಂದು ಪಡೆದ ಪದವಿ.

ಅವಳು ಸಂಜೆ ಮನೆಗೆ ಬಂದು ತಟ್ಟೆಯ ಮುಂದೆ ಕೂತು, ಇವತ್ತು ಯಾರಿಗೆ ಏನಾಯಿತು ಎಂದು ಹೇಳುತ್ತಾಳೆ. ಮದುವೆಯಾದ ಹೊಸತರಲ್ಲಿ ಹಾಗೆ ಮಾತಾಡುತ್ತಿದ್ದಳು. ನಾನು ಏಪ್ರಿಲ್ ಐದರ ವಿಷಯ ಎತ್ತಿದರೆ ನೀರು ತರಲು ಏಳುತ್ತಾಳೆ. ಸಂತೋಷಪಡಬೇಕಾದವನು ಸಿಡಿಮಿಡಿಗುಟ್ಟುತ್ತಿದ್ದೇನೆ, ಆಮೋಸ. ಬಂದದ್ದು ಇಬ್ಬರು, ಕೆಲಸ ಸಿಕ್ಕಿದ್ದು ಒಬ್ಬರಿಗೆ.

ನಿನ್ನ,
ಎಫ್ರಾಯಿಮ


ಮುಲುಂಡ್
೯ ಫೆಬ್ರುವರಿ ೨೦೨೫

ತಮ್ಮಾ ಆಮೋಸ,

ನಿನ್ನ ಮಾಮಾ ಅಂಗಡಿಗೆ ಹೋಗಿದ್ದಾರೆ, ಅದಕ್ಕೇ ಈ ಕಾಗದ. ಅವರಷ್ಟು ಚೆಂದ ಬರೆಯಲು ನನಗೆ ಬಾರದು. ಅವರು ಪ್ರತಿಯೊಂದನ್ನೂ ನಗೆ ಮಾಡಿ ನನ್ನ ಕೈಗೆ ಕೊಡುತ್ತಾರೆ. ನಕ್ಕು ಮುಗಿಸಿದ ಮೇಲೆ ನಾನು ಹೇಳಬೇಕಾದದ್ದು ಮರೆತಿರುತ್ತೇನೆ.

ನಾನು ಇಲ್ಲಿ ಉಳಿಯಬೇಕು. ಅವರು ಒಲ್ಲೆ ಎಂದರೆ ಮುಗಿಯಿತು. ನಾನು ಕೇಳಿದರೆ ಒಲ್ಲೆ ಎಂದೇ ಹೇಳುತ್ತಾರೆ, ಒಮ್ಮೆ ಹೇಳಿದರೆ ಗಣಿತದ ಮೇಷ್ಟ್ರು ಉತ್ತರ ಬದಲಿಸುವುದಿಲ್ಲ. ನೀನೊಂದು ಮಾತು ಬರೆ. ನಿನ್ನ ಕಾಗದವನ್ನು ಅವರು ಎರಡು ಸಲ ಓದುತ್ತಾರೆ.

ಗುರುವಾರ ಡಾಕ್ಟರು ದಿಲನಾಜಳನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವಳು ನನ್ನ ಕೈ ಹಿಡಿದು ಕೂತಿದ್ದಳು, ಇನ್ನೂ ಇಪ್ಪತ್ತಾರು ದಾಟಿಲ್ಲ. ಹೊರಗೆ ಡಾಕ್ಟರಿಗಾಗಿ ಇನ್ನೂ ಅರ್ಧ ವರಾಂಡಾ ಜನ ಕಾಯುತ್ತಿದ್ದರು. ಅವರು ಹೇಳಿದ್ದಕ್ಕೆ ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ. ಇದನ್ನು ನಿನಗೇಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಚಳಿ ಕಡಿಮೆಯಾಯಿತೇ? ಕಿವಿಗೆ ಹತ್ತಿ ಇಟ್ಟುಕೋ.

ಅಕ್ಕ,
ಸುಗುಣಾ


ಮುಲುಂಡ್
೧೬ ಫೆಬ್ರುವರಿ ೨೦೨೫

ಪ್ರಿಯ ಆಮೋಸ,

ಮಂಗಳವಾರ ಬೆಂಚಿನಲ್ಲಿದ್ದೆ. ಬೀಬೀಜಾನಳ ಮಗ ಶಬ್ಬೀರ ಪೇಢೆಯ ಡಬ್ಬಿ ಹಿಡಿದು ಬಂದ. ಕುರ್ಲಾದ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ದಿಲನಾಜಳ ಗಂಡ. ಬೆಂಚಿನಲ್ಲಿದ್ದವರಿಗೆಲ್ಲ ಹಂಚಿ ನನ್ನ ಕೈಗೆ ಎರಡು ಇಟ್ಟ.

"ಬಾಯಿ ಸಿಹಿ ಮಾಡ್ಕೊರಿ ಅಜ್ಜಾರ. ನಮ್ಮಾಕಿಗೆ ಪೂರಾ ಆರಾಮಾತು. ಇನ್ನ ಔಷಧ ಬ್ಯಾಡ, ಸೂಜಿ ಬ್ಯಾಡ, ಮತ್ತ ಬರೂದೂ ಬ್ಯಾಡ, ಮನೀಗೆ ಕರಕೊಂಡ ಹೋಗಿ ಆಕಿ ಏನ ಬೇಡ್ತಾಳ ತಿನ್ನಾಕ ಕೊಡ್ರಿ ಅಂದಾರಂತ ಡಾಕ್ಟರ್. ಅಜ್ಜೀನಽ ಹೇಳ್ಯಾರ."

ಆಮೋಸ, ನೀನು ಓದಿದವನು. ಯಾವ ರೋಗಿಗೆ ಹೀಗೆ ಹೇಳುತ್ತಾರೆಂದು ನಿನಗೆ ಗೊತ್ತು. ಇನ್ನು ಮಾಡುವುದೇನೂ ಉಳಿಯದವರಿಗೆ. ಡಾಕ್ಟರು ಹೇಳಿದ್ದೆಲ್ಲವನ್ನೂ ನಿನ್ನ ಅಕ್ಕ ಹೇಳಿದ್ದಳು, ಯಾಕೆ ಎಂಬುದೊಂದನ್ನು ಬಿಟ್ಟು. ಅಲ್ಲಿಗೂ ಮುಗಿಯಲಿಲ್ಲ. ಶಾರ್ಜಾದಲ್ಲಿ ಕೆಲಸ ಸಿಕ್ಕಿ ತಿಂಗಳುಗಳಾಗಿದ್ದವಂತೆ, ಹೆಂಡತಿಗಾಗಿ ಮುಂದೂಡುತ್ತ ಬಂದಿದ್ದನಂತೆ. ಈಗ ಚಿಂತೆಯಿಲ್ಲ, ಶನಿವಾರ ಹೊರಡುತ್ತೇನೆ, ಎರಡು ವರ್ಷದಲ್ಲಿ ಬರುವಷ್ಟರಲ್ಲಿ ಅವಳು ಗಟ್ಟಿಯಾಗಿರುತ್ತಾಳೆ ಎಂದ. ನಾನು ಪೇಢೆ ತಿಂದೆ. ಅವನು ನೋಡುತ್ತಿದ್ದ, ತಿನ್ನದೆ ಏನು ಮಾಡಲಿ?

ಮರಳುವಾಗ ಅವಳು ಹೆಂಗಸರ ಡಬ್ಬಿಯಲ್ಲಿ, ನಾನು ನನ್ನದರಲ್ಲಿ. ನಡುವೆ ತಗಡಿನ ಗೋಡೆ. ಪರೇಲಿನಿಂದ ಮುಲುಂಡಿನವರೆಗೆ ಒಂದೇ ಪ್ರಶ್ನೆಯನ್ನು ಹತ್ತಾರು ರೀತಿಯಲ್ಲಿ ಜೋಡಿಸಿದೆ. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ನಾ ಸುಳ್ಳ ಹೇಳಿಲ್ಲ" ಎಂದಳು.

"ಶಬ್ಬೀರ ಪೇಢೆ ಹಂಚಾಕತ್ತಾನ. ಶಾರ್ಜಾಕ್ಕ ಹೊಂಟಾನ."

ಅದು ಅವಳಿಗೆ ಗೊತ್ತಿರಲಿಲ್ಲ. ಗೋಡೆಗೆ ಒರಗಿ ಕೂತಳು. ಆಮೇಲೆ ನಿಧಾನವಾಗಿ ಹೇಳಿದಳು. ಹುಡುಗಿ ತನ್ನ ಕೈ ಬಿಡಲೇ ಇಲ್ಲ, ಅವಳೆದುರು ಹೇಗೆ ಹೇಳಲಿ, ಹೊರಗೆ ಬಂದು ಬೀಬೀಜಾನಳಿಗೆ ಬೇರೆಯಾಗಿ ಹೇಳಬೇಕೆಂದಿದ್ದಳಂತೆ. ಅಷ್ಟರಲ್ಲಿ ಬೀಬೀಜಾನ, "ಚಲೋ ಆತಲ್ಲಾ?" ಎಂದು ಕೇಳಿಯೇಬಿಟ್ಟಳು. ಇವಳ ತಲೆ ತಾನಾಗಿ ಆಡಿತು. ಜನರನ್ನು ಭರವಸೆಯೊಂದಿಗೆ ಬೀಳ್ಕೊಡಿ ಎಂದು ನಮಗೆ ಲೆಸ್ಟರಿನಲ್ಲಿ ತರಬೇತಿ ಕೊಟ್ಟಿದ್ದರು. ಚೆನ್ನಾಗಿಯೇ ಕಲಿತಿದ್ದಳು. ನೀವು ಹೋಗಿ ಹೇಳಿ ಎಂದು ಅವಳು ಹೇಳಲಿಲ್ಲ. ಹೋಗಬೇಡಿ ಎಂದೂ ಹೇಳಲಿಲ್ಲ.

ಮರುದಿನ ಒಬ್ಬನೇ ಕುರ್ಲಾಕ್ಕೆ ಹೋದೆ. ಶಬ್ಬೀರ ರಿಕ್ಷಾವೊಂದರ ಹೊಟ್ಟೆಯ ಕೆಳಗೆ ಮಲಗಿದ್ದ. ಅವನು ಹೊರಬರುವವರೆಗೆ ಕಾಯುವ ಧೈರ್ಯವಿರಲಿಲ್ಲ. ಕಾಣುತ್ತಿದ್ದ ಅವನ ಕಾಲುಗಳಿಗೇ ಹೇಳಿದೆ.

"ಶಬ್ಬೀರ, ಔಷಧ ಬ್ಯಾಡ ಅಂದದ್ದು ಆರಾಮಾತು ಅಂತಲ್ಲೋ. ಇನ್ನ ಔಷಧದ ಕೈಯಾಗ ಏನೂ ಉಳದಿಲ್ಲ ಅಂತ. ಶಾರ್ಜಾಕ್ಕ ಹೋಗಬ್ಯಾಡ. ಆಕಿ ಸನೇಕ ಇರು."

ನಟ್ಟು ತಿರುಗಿಸುವ ಪಾನಾದ ಸದ್ದು ನಿಂತಿತು, ಮತ್ತೆ ಶುರುವಾಯಿತು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ಕೈ ಒರೆಸಿಕೊಂಡ.

"ಅಜ್ಜಿ ಯಾಕ ಹೇಳಲಿಲ್ಲ?"

"ಆಕಿ ಕೈಲೆ ಆಗಲಿಲ್ಲಪಾ."

"ನಿಮ್ಮ ಕೈಲೆ ಹೆಂಗ ಆತ್ರಿ?"

 

ಎಫ್ರಾಯಿಮ


ಮುಲುಂಡ್
೯ ಮಾರ್ಚ್ ೨೦೨೫

ಪ್ರಿಯ ಆಮೋಸ,

ಶಬ್ಬೀರ ಶಾರ್ಜಾಕ್ಕೆ ಹೋಗಲಿಲ್ಲ. ಹೆಂಡತಿಯನ್ನು ಇಂಡಿ ಕಡೆಯ ಊರಿಗೆ ಕರೆದೊಯ್ದ. ಹೊರಡುವ ಮುಂಚಿನ ದಿನ ಬೀಬೀಜಾನ ಪರೇಲಿನ ಕೋಣೆಗೆ ಬಂದು ಸುಗುಣಾಳ ಎದುರು ನಿಂತಳು. ಕೊರಗ ಕೊಡಹೋದ ಚಹವನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಆಕಿ ಕೈ ಹಿಡಕೊಂಡ ಕುಂತಿದ್ದಿ ನೀ. ನಾ ಓಣಿ ತುಂಬ ಸಕ್ಕರಿ ಹಂಚೀನಿ. ಈ ಮಾರಿ ತಗೊಂಡ ನಾ ಈಗ ಆ ಓಣ್ಯಾಗ ಹೆಂಗ ಹಾದಹೋಗಲಿ?"

ಇಷ್ಟೇ ಹೇಳಿ ಹೋದಳು. ಸುದ್ದಿ ಚಾಳಿನಿಂದ ಡಬ್ಬಿಗೆ ಹತ್ತಿತು. ಹಾಲವ್ವ ಈಗ ಸುಗುಣಾಳನ್ನು ಕಂಡರೆ ಕಿಟಕಿಯಾಚೆ ನೋಡುತ್ತಾಳಂತೆ. ಒಳಗೆ ಬನ್ನಿ ಎಂದು ಕರೆಯುವವರಿಲ್ಲ. ಕಳೆದ ವಾರದಿಂದ ಅವಳು ಪರೇಲಿಗೆ ಬರುವುದನ್ನೇ ನಿಲ್ಲಿಸಿದ್ದಾಳೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ನನ್ನ ಮೇಲೆ ಸಿಟ್ಟಿಗೆದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನೀವು ಮಾಡಿದ್ದು ಸರಿ ಎನ್ನುತ್ತಾಳೆ, ಬಾಡಿಗೆಗೆ ಇರುವವರೊಂದಿಗೆ ಮಾತಾಡುವ ಹಾಗೆ.

ಮೊನ್ನೆ ತಾನಾಗಿಯೇ ಹೇಳಿದಳು: "ಹೋಗೂಣ್ರಿ. ನನಗೂ ಸಾಕಾತು." ಸೂಟ್‌ಕೇಸು ಮಂಚದ ಕೆಳಗಿನಿಂದ ಹೊರಬಂದಿದೆ. ಐದರ ವಿಮಾನಕ್ಕೆ ಟಿಕೆಟ್ಟಾಯಿತು. ಹಿತೇಶ್ ಸಂಭ್ರಮದಿಂದ ನಮ್ಮ ಫ್ಲ್ಯಾಟನ್ನು ನಾಗ್ಪುರದ ಹೊಸ ದಂಪತಿಗೆ ಗೊತ್ತುಮಾಡಿದ್ದಾನೆ. ವಯಸ್ಸು ಕಡಿಮೆಯಂತೆ, ಗಿಟಾರ್ ಬೇರೆ ಬಾರಿಸುತ್ತಾರಂತೆ.

ನಾನು ಅಕ್ಟೋಬರಿನಿಂದ ಬಯಸಿದ್ದು ಇದನ್ನೇ. ಸಿಕ್ಕಿತು. ಇಷ್ಟು ರುಚಿಗೆಟ್ಟ ಗೆಲುವನ್ನು ನಾನು ಕಂಡಿಲ್ಲ.

ನಿನ್ನ,
ಎಫ್ರಾಯಿಮ


ಧಾರವಾಡ
೧೮ ಮಾರ್ಚ್ ೨೦೨೫

ಮಾಮಾ,

ಫೆಬ್ರುವರಿಯಲ್ಲಿ ಅಕ್ಕ ನನಗೊಂದು ಕಾಗದ ಬರೆದಿದ್ದಳು. ತಾನು ಉಳಿಯಬೇಕು, ನಿಮಗೆ ಒಂದು ಮಾತು ಹೇಳು ಎಂದು. ಗಂಡಹೆಂಡಿರ ನಡುವೆ ನಾನೇಕೆ ಎಂದು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪಾಯಿತು. ಈಗ ಹೇಳುತ್ತಿದ್ದೇನೆ, ಹೊತ್ತು ಮೀರಿದೆಯೋ ಏನೋ.

ಅವಳಿಗೆ ಸಾಕಾಗಿರುವುದು ಮುಂಬಯಿ ಅಲ್ಲ. ಬೀಬೀಜಾನಳೆದುರು ತಗ್ಗಿದ ಈ ಮುಖ ಹೊತ್ತು ಲೆಸ್ಟರಿಗೆ ಹೋದರೆ ಅದು ಅಲ್ಲಿಯೂ ನಿಮ್ಮೆದುರು ತಟ್ಟೆ ಇಟ್ಟುಕೊಂಡು ಕೂರುತ್ತದೆ. ಇದರಲ್ಲಿ ತಮಾಷೆ ಹುಡುಕಬೇಡಿ.

ಆಮೋಸ


ಮುಲುಂಡ್
೩ ಏಪ್ರಿಲ್ ೨೦೨೫

ಪ್ರಿಯ ಆಮೋಸ,

ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಇಟ್ಟುಕೊಂಡಿದ್ದೆ. ಸಿಟ್ಟು ಬಂದಿತ್ತು, ಅದಕ್ಕೆ.

ನಿನ್ನೆ ಬೆಳಿಗ್ಗೆ ಶಬ್ಬೀರ ಫೋನು ಮಾಡಿದ. ರಮಜಾನಿನ ಕೊನೆಯ ವಾರದಲ್ಲಿ ದಿಲನಾಜ ತೀರಿಕೊಂಡಳು. ಕಡೆಯ ದಿನಗಳಲ್ಲಿ ಅವಳಿಗೆ ಕಲ್ಲಂಗಡಿ ಬೇಕೆನಿಸಿತ್ತಂತೆ, ವಿಜಯಪುರದಿಂದ ತಂದು ಕೊಟ್ಟನಂತೆ. "ನಾ ಬಾಜೂಕಽ ಇದ್ನಿರಿ ಅಜ್ಜಾರ" ಎಂದ. ನಾನು ಹೂಂ ಎಂದೆ. ಫೋನಿಡುವ ಮುನ್ನ, ಅವ್ವ ಅಜ್ಜಿಯ ಜೊತೆ ಮಾತಾಡಬೇಕೆನ್ನುತ್ತಾಳೆ ಎಂದ.

ಸುಗುಣಾ ಸೂಟ್‌ಕೇಸಿನ ಮುಂದೆ ಕೂತು ಸ್ವೆಟರು ಮಡಚುತ್ತಿದ್ದಳು. ಯಾರೆಂದು ಹೇಳಿದೆ. ತೊಡೆಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಬೀಬೀಜಾನಳ ದನಿ ನಾನು ನಿಂತಿದ್ದ ಬಾಗಿಲವರೆಗೂ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಏರಿಳಿತ ತಿಳಿಯುತ್ತಿತ್ತು. ಇವಳು ನಡುನಡುವೆ "ಹೌದವಾ" ಎನ್ನುತ್ತಿದ್ದಳು. ಒಮ್ಮೆ, "ನಂದಽ ತಪ್ಪು" ಎಂದಳು. ಆಮೇಲೆ ಆ ಕಡೆಯಿಂದ ಅಳು, ಈ ಕಡೆಯಿಂದ ಅಳು. ನಾನು ಅಡುಗೆಮನೆಗೆ ಹೋಗಿ ನಿಂತೆ. ಮತ್ತೆ ಬಂದಾಗ ಫೋನು ಮಡಿಲಲ್ಲಿತ್ತು.

"ಏನಂದಳು?"

"ಬೈದಳು."

"ಅಷ್ಟಽ?"

"ಆಕಿ ತಂಗಿಗೆ ಎದ್ಯಾಗ ಗಂಟು ಕಾಣಿಸ್ಯಾದಂತ. ಸೋಮವಾರ ಪರೇಲಿಗೆ ಕರಕೊಂಡ ಬರ್ತಾಳಂತ. ಒಳಗ ನೀನಽ ನಿಂದರಬೇಕು, ನನಗ ಬ್ಯಾರೆ ಯಾರ ಗೊತ್ತದಾರ ಅಂದಳು." ಫೋನನ್ನು ನೆಲಕ್ಕಿಟ್ಟು ಮುಂದುವರಿಸಿದಳು. "ಈ ಸಲ ಡಾಕ್ಟರ್ ಬಾಯಾಗಿಂದ ಬಂದದ್ದೆಲ್ಲಾ ಹೇಳಬೇಕು, ಒಂದೂ ನುಂಗಬ್ಯಾಡ ಅಂದಳು."

ಸೋಮವಾರವೆಂದರೆ ಏಳು. ವಿಮಾನ ಶನಿವಾರ. ಅದನ್ನು ನೆನಪಿಸಿದೆ.

"ಬರ್ತೀನಿ ಅಂತ ಹೇಳೀನಿ" ಎಂದು ಸ್ವೆಟರನ್ನು ಮತ್ತೆ ಕೈಗೆತ್ತಿಕೊಂಡಳು. ಸೂಟ್‌ಕೇಸಿನಲ್ಲಿ ಇಡಲಿಲ್ಲ, ಮಂಚದ ಮೇಲಿಟ್ಟಳು.

ನನಗೆ ಒಳ್ಳೆಯತನ ಉಕ್ಕಿತೆಂದು ತಿಳಿಯಬೇಡ. ರೇಗಿತು. ಲೆಸ್ಟರಿನ ನನ್ನ ಹಾಸಿಗೆ, ನನ್ನ ಟೊಮೇಟೊ ಪಾತಿ, ಯಾರೂ ಮೈಮೇಲೆ ವಾಲದ ಬಸ್ಸು, ಎಲ್ಲ ಮೂರು ದಿನದ ದೂರದಲ್ಲಿದ್ದವು. ಇನ್ನೊಂದು ವರ್ಷ ಮಡಿಲ ತುಂಬ ರೊಟ್ಟಿಗಂಟು. ಬಾಲ್ಕನಿಗೆ ಹೋಗಿ ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡೆ. ನಿನ್ನ ಅಕ್ಕ ನನ್ನನ್ನು ಉಳಿಯೋಣವೇ ಎಂದು ಕೇಳಲಿಲ್ಲ. ಕೇಳಿದ್ದರೆ ಒಲ್ಲೆ ಎನ್ನುತ್ತಿದ್ದೆ. ಅದು ಅವಳಿಗೂ ಗೊತ್ತು.

ಅಲ್ಲಿಂದಲೇ ಹಿತೇಶನಿಗೆ ಫೋನು ಹಚ್ಚಿ, ಇಬ್ಬರೂ ಒಪ್ಪಿದ್ದೇವೆ, ಒಂದು ವರ್ಷ ಉಳಿಯುತ್ತೇವೆ ಎಂದೆ. ಅವನು ಕಂಗಾಲಾದ. ಫ್ಲ್ಯಾಟು ಕೊಟ್ಟಾಗಿದೆ, ಗಿಟಾರಿನವರು ಭಾನುವಾರ ಬರುತ್ತಾರೆ, ನಿಮ್ಮನ್ನು ಎಲ್ಲಿ ಇಡಲಿ ಎಂದ. ಕೊರಗನ ಕೋಣೆಯಲ್ಲಿ ಎರಡು ಬೆಂಚುಗಳಿವೆ ಎಂದೆ. ಆಮೇಲೆ ಕೊಂಚ ಆಸೆಯಿಂದ ಕೇಳಿದ, ಕೊನೆಗೂ ಯಾರಾದರೂ ಸಭೆಗೆ ಸೇರುವವರಿದ್ದಾರೆಯೇ ಎಂದು.

ಇಲ್ಲ ಎಂದೆ.

ಮತ್ತೆ ಯಾತಕ್ಕೆ ಉಳಿಯುತ್ತೀರಿ, ಮೇಲಿನವರಿಗೆ ನಾನು ಏನೆಂದು ಬರೆಯಲಿ ಎಂದ.

ಸೋಮವಾರ ಒಬ್ಬರು ಬರುವವರಿದ್ದಾರೆ ಎಂದು ಬರಿ ಎಂದೆ.

ನಿನ್ನ ಮಾಮಾ,
ಎಫ್ರಾಯಿಮ